ಮೂರನೇ ಮೊಳ

ಹಳೇ ಮಂಚದ ಚೌಕಟ್ಟಿಗೆ ಸಾಲುಮೊಳೆ ಹೊಡೆದು
ಎರ್ರಿಸ್ವಾಮಿ ಮಾಡಿಕೊಟ್ಟ ಮಗ್ಗ
ವಾರಕ್ಕೊಂದು ಮನೆಯಂತೆ ಆಟೋದಲ್ಲಿ ತಿರುಗುತ್ತದೆ.
ಕೌಲ್‌ ಬಜಾರಿನಿಂದ ಗಾಂಧಿನಗರ, ಅಲ್ಲಿಂದ ರೇಡಿಯೋ ಪಾರ್ಕು,
ಸೀಟಿನ ಮೇಲೆ ಅಡ್ಡ ಮಲಗಿ, ಕಾಲು ಹೊರಗೆ ಚಾಚಿ.
"ಏನ್ರೀ ಇದು, ಮಂಚಾನಾ ಏಣೀನಾ?"
"ಹಾಸಿಗೆ" ಅಂದುಬಿಟ್ಟೆ ಒಮ್ಮೆ;
ಬಾಯಿಗೆ ಬಂದಿದ್ದು ಹಾಸು, ಅಷ್ಟೇ.

ಜರೀನಾ ತರುವುದು ಜೀನ್ಸ್ ಕಟಿಂಗಿನ ಚೂರು,
ಗೊಬ್ಬರದ ಚೀಲದಲ್ಲಿ ತುರುಕಿ.
ಆರು ದಿನ ಜಿಪ್ಪು ಕೂರಿಸಿದ ಕೈಗೆ
ಏಳನೇ ದಿನ ಜಿಪ್ಪಿಲ್ಲದ್ದು ಏನಾದರೂ ಬೇಕಂತೆ.
ಪಂಪಾವತಿ ಸಿಸ್ಟರ್ ತರುವುದು ಹಸಿರು,
ದೊಡ್ಡಾಸ್ಪತ್ರೆಯ ಪರದೆ, ನೂರು ಸಲ ಕುದಿಸಿ ಮೆತ್ತಗಾದದ್ದು.
ಎರ್ರಿಸ್ವಾಮಿಯದು ಗಾರ್ಡಿನ ಕೆಂಪು ಬಾವುಟ,
ಬಿಸಿಲಿಗೆ ಮಾಸಿ ಸೀಬೆಹಣ್ಣಿನ ಒಳಬಣ್ಣ.
ನಾನು ಕೋರ್ಟಿನ ಟೈಪಿಸ್ಟು.
ಕಡತ ಕಟ್ಟುವ ದಾರ ತರುತ್ತೇನೆ
(ಕೊಂಡದ್ದು; ರಸೀದಿ ಇದೆ).

ಒಬ್ಬೊಬ್ಬರಿಗೆ ಒಂದೊಂದು ಮೊಳ.
ಗುರು ಯಾರೂ ಇಲ್ಲ.
ಅಂಚು ಒಳಗೆ ಎಳೆದುಕೊಂಡು
ಎಲ್ಲರ ಬಟ್ಟೆಗೂ ಸೊಂಟ ಬರುತ್ತದೆ.
ಪಂಪಾವತಿ ಟೇಪು ಹಿಡಿದು
"ತೂಕ ಇಳಿದೈತೆ, ಊಟ ಸಾಲ್ತಿಲ್ಲ ಇದಕ್ಕೆ" ಅಂದರೆ
ಮಿರ್ಚಿ ತಟ್ಟೆ ಅವಳ ಕಡೆಗೇ ಸರಿಯುತ್ತದೆ.

ಐದನೆಯವನು ಗಾದಿಲಿಂಗಪ್ಪ, ಮೀಟರ್ ರೀಡರು.
ಕಂಪ್ಲಿಯ ನೇಕಾರರ ಓಣಿಯವನು ಎಂದು ಗೊತ್ತಾದಾಗ
ಎಲ್ಲರೂ ಅವನ ಕೈ ನೋಡಿದೆವು.
ರಕ್ತದಲ್ಲಿ ಇರುತ್ತದಲ್ಲ, ಅಂದೆವು.

ರಕ್ತದಲ್ಲಿ ಇರಲಿಲ್ಲ.

ಮನೆಯ ಕುಣಿಮಗ್ಗ ಕಿತ್ತು, ಕುಣಿಯ ಮೇಲೆ
ಕಡಪಾ ಕಲ್ಲು ಹಾಸಿದಾಗ ಅವನಿಗೆ ಏಳು ವರ್ಷ.
ಅದಕ್ಕೂ ಮುಂಚೆ ಲಾಳಿ ಮುಟ್ಟಿದರೆ ಬೆರಳ ಗೆಣ್ಣಿಗೆ ಏಟು:
"ಪೆನ್ನು ಹಿಡಿಯೋ ಕೈ ಅದು, ತೆಗೆ!"
ಆ ಒಂದು ಕಲ್ಲಿನ ಮೇಲೆ ನಡೆದರೆ
ಈಗಲೂ ಸದ್ದು ಬೇರೆ ಐತೆ, ಅಂದ,
ಚಹಾ ಊದುತ್ತ.

ಅಪ್ಪನ ಲಾಳಿ ತಂದಿದ್ದ, ಹೆಬ್ಬೆರಳು ತಾಗಿ ತಾಗಿ
ಒಂದು ಬದಿ ಸವೆದು ಹುಣಸೆಬೀಜದ ಹೊಳಪು.
ನಮ್ಮ ಮಗ್ಗದ ಸಂದಿಗೆ ಅದು ಉದ್ದವಾಯಿತು.
ಕಿಟಕಿಯಲ್ಲೇ ಕೂತಿತು, ಎಲ್ಲ ಭಾನುವಾರ.

ಮೂರನೇ ಮೊಳ ಅವನದು.
ಎರಡು ಕಡೆ ಎಳೆ ಹಾರಿದೆ, ಎಡದ ಅಂಚು ಹಾವು.
ಬಿಚ್ಚಿದ. ನೇಯ್ದ. ಬಿಚ್ಚಿದ.
ಮಗ್ಗ ಅವನ ಮನೆಯಲ್ಲಿ ಒಂದು ವಾರ ಹೆಚ್ಚಿಗೆ ಉಳಿಯಿತು.
"ಇನ್ನೊಂದ್ಸಲ ಬಿಚ್ಚಲಾ?" ಅಂತ ಫೋನು, ರಾತ್ರಿ ಹನ್ನೊಂದಕ್ಕೆ.
ತಪ್ಪಿಗೆ ಬಿಳಿ ಬಳಿದು
ಮೇಲೆ ಸರಿ ಕುಟ್ಟುವ ಹೆಂಗಸು ನಾನು;
ಇದಕ್ಕೆ ಆ ಶೀಶೆ ಇಲ್ಲವಲ್ಲ.
"ಬಿಡ್ರಿ, ಮಲಕ್ಕೊಳ್ರಿ" ಅಂದೆ.

ಐದು ಮೊಳ ಮುಗಿದ ದಿನ
ಜರೀನಾಳ ದೊಡ್ಡ ಕತ್ತರಿ. ಯಾರೂ ಮಾತಾಡಲಿಲ್ಲ.
ಡೆನಿಮ್ ಕತ್ತರಿಸುವ ಕತ್ತರಿಗೆ ನಮ್ಮ ಹಾಸು ಏನು ಮಹಾ,
ಐದು ಸಲ ಕಚಕ್.
ಆಮೇಲೆ ಚಹಾ ಲೋಟದಲ್ಲಿ ಚೀಟಿ.
ಅವರವರದು ಅವರವರಿಗೆ ಬಂದರೆ ಮತ್ತೆ ಎತ್ತಬೇಕು ಎಂದು ಕರಾರು.
ನನಗೆ ಬಂದದ್ದು ಮೂರನೆಯದು.

"ಅಯ್ಯೋ, ಪಾಪ ನೀವು" ಅಂದ ಗಾದಿಲಿಂಗಪ್ಪ.

ಬಚ್ಚಲ ಬಾಗಿಲಲ್ಲಿ ಹಾಸಿದ್ದೇನೆ.
ಮತ್ತೆ ಮತ್ತೆ ಬಿಚ್ಚಿದ ಎಳೆಗೆ ಜುಂಗೆದ್ದು
ಆ ಜಾಗ ಉಳಿದದ್ದಕ್ಕಿಂತ ಮೆತ್ತಗೆ,
ನೀರನ್ನು ಮೊದಲು ಕುಡಿಯುವುದೂ ಅಲ್ಲೇ.
ಬೆಳಗಿನ ಐದಕ್ಕೆ ಕರೆಂಟು ಇರುವುದಿಲ್ಲ.
ಒದ್ದೆ ಕಾಲು ತಾನಾಗಿ
ಎಳೆ ಹಾರಿದಲ್ಲಿ ಹೋಗಿ ನಿಲ್ಲುತ್ತದೆ.